ಬಿಸಿಲೂರಿನಲ್ಲಿ ಕಳ್ಳಿಗೊಂದು ದೀಪ

ಬಾಗಲಕೋಟೆಯಲ್ಲಿ ಬಿಸಿಲಿಗೆ ಕೊರತೆಯಿದೆ ಎಂದು ನಂಬಿರುವ ಏಕೈಕ ಮನುಷ್ಯ ನಮ್ಮ ಸೋದರಮಾವ! ಮಾಳಿಗೆಯ ಮೇಲೆ ಹಪ್ಪಳ ಹಾಕಿ ಇಳಿದು ಬರುವಷ್ಟರಲ್ಲಿ ಅದು ಒಣಗಿ ಹಾರಿಹೋಗುವ ಊರಿದು. ಬಾದಾಮಿಯ ಕಡೆ ಹೊರಟರೆ ಬೇಲಿಬೇಲಿಗೂ ಕಳ್ಳಿ. ಯಾರೂ ನೀರೆರೆದದ್ದಲ್ಲ. ಅಂಥ ಕಳ್ಳಿಯನ್ನು ವಿದ್ಯಾಗಿರಿಯ ತನ್ನ ಮನೆಯ ಕೋಣೆಯೊಂದರಲ್ಲಿ, ಪರದೆ ಎಳೆದು, ಟ್ಯೂಬ್‌ಲೈಟಿನ ಕೆಳಗೆ, ಬೀಜದಿಂದ ಬೆಳೆಸುವವನನ್ನು ನೀವು ಏನೆಂದು ಕರೆಯುತ್ತೀರಿ? ನಾವು ಮಾವ ಎಂದು ಕರೆಯುತ್ತೇವೆ. ಬೇರೆ ದಾರಿಯಿಲ್ಲ.

ಈ ಹುಚ್ಚಿಗೊಂದು ಕಾರಣವಿತ್ತು. ಅತ್ತೆಯ ಚರ್ಮಕ್ಕೆ ಅದೇನೋ ಬೇನೆ ಅಂಟಿಕೊಂಡು, ಬಿಸಿಲು ತಾಗಿದರೆ ಸಾಕು, ಮೈಯೆಲ್ಲ ದದ್ದು, ಮೇಲೆ ಜ್ವರ. ಬಿಸಿಲಿಗೆ ಹೋಗಲೇಬೇಡಿ ಎಂದರು ಡಾಕ್ಟರು. ಬಾಗಲಕೋಟೆಯಲ್ಲಿ! ಮಾಳಿಗೆಯ ಮೇಲಿದ್ದ ಅತ್ತೆಯ ಗುಲಾಬಿ, ದುಂಡುಮಲ್ಲಿಗೆಯ ಕುಂಡಗಳು ನೆರೆಯವರ ಪಾಲಾದವು. ಕಿಟಕಿಗೆ ದಪ್ಪ ಪರದೆ ಬಂತು, ಬಾಗಿಲ ಹಿಂದೆ ಒಂದು ಕರಿ ಕೊಡೆ.

"ಇನ್ನ ನನ್ನ ಜೋಡಿ ಸಂಸಾರ ಮಾಡೂವು ಜಿರಳಿ ಅಷ್ಟ" ಎಂದು ಅತ್ತೆ ನಗುತ್ತ ಅಂದಳು. ಮಾವ ನಗಲಿಲ್ಲ. ಈ ಮನೆಯೊಳಗೇ ಅವಳಿಗೊಂದು ತೋಟ ಎಬ್ಬಿಸಿ ತೋರಿಸುತ್ತೇನೆಂದು ಅಂದೇ ಪಣ ತೊಟ್ಟ.

ಸರಿ, ಕಳ್ಳಿಯೇ ಏಕೆ? ಸುಲಭಕ್ಕೆ ಸಾಯದ ಗಿಡ ಯಾವುದು ಎಂದು ಐಹೊಳೆ ರಸ್ತೆಯಲ್ಲಿ ಸಸಿ ಮಾರುವವನನ್ನು ಕೇಳಿದನಂತೆ. ಅವನು ಕಳ್ಳಿ ಎಂದನಂತೆ. ಬೆಳಕಿಲ್ಲದಿದ್ದರೆ ಅದೂ ಸಾಯುತ್ತದೆಯೇ ಎಂದು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ಹೋಗಲಿ, ಬೆಳೆದ ಗಿಡವನ್ನೇ ತರಬಹುದಿತ್ತಲ್ಲ ಎಂದೆ ನಾನು.

"ಬೆಳದದ್ದು ಆಗಲೇ ಬಿಸಿಲಿನ ರುಚಿ ಕಂಡಿರತೈತಿ. ಹುಟ್ಟಿದಾಗಿಂದ ಬಿಸಿಲು ಕಾಣದ್ದು ಬೇಕು ನನಗ."



ಇಳಕಲ್ಲಿನಲ್ಲಿ ಮೂಲೆಗೆ ಬಿದ್ದಿದ್ದ ಕೈಮಗ್ಗದ ಚೌಕಟ್ಟೊಂದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. ಅದಕ್ಕೆ ಹಗ್ಗ ಕಟ್ಟಿ, ದೀಪವನ್ನು ಏರಿಸುವ ಇಳಿಸುವ ವ್ಯವಸ್ಥೆ ಮಾಡಿದ. ಬೀಜಗಳೋ, ಗಸಗಸೆಯಷ್ಟು. ಒದ್ದೆ ಮರಳುಮಣ್ಣಿನ ಮೇಲೆ ಅವನ್ನು ಉದುರಿಸಿ, ತೇವ ಆರದಂತೆ ಅಮೀನಗಡದ ಕರದಂಟು ಬಂದಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಿದ. ಮನೆಗೆ ಬಂದ ಬೀಗರೊಬ್ಬರು ಕರದಂಟಿನ ಆಸೆಗೆ ಮುಚ್ಚಳ ತೆಗೆದು ಬೆರಳಿಟ್ಟುಬಿಟ್ಟರು. ಅವರ ಉಗುರಿನ ಸಂದಿಯಲ್ಲಿ ಬೀಜವೇನಾದರೂ ಉಳಿದಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದ ಮೇಲೆಯೇ ಮಾವ ಅವರಿಗೆ ಚಹಾ ಕೊಡಿಸಿದ್ದು!

ಮೊದಲ ಸಲ ದೀಪ ತೀರ ಮೇಲಿತ್ತು. ಸಸಿಗಳು ಬೆಳಕನ್ನು ಹುಡುಕುತ್ತ ಶಾವಿಗೆಯಂತೆ ಉದ್ದಕ್ಕೆ ಎದ್ದು, ನಿಲ್ಲಲಾರದೆ ಮಗುಚಿ ಬಿದ್ದವು. ಎರಡನೆಯ ಸಲ ಸಿಟ್ಟಿನಿಂದ ದೀಪವನ್ನು ಅವುಗಳ ತಲೆಯ ಮೇಲೇ ಇಳಿಸಿದ. ಎಲ್ಲ ಕೆಂಪಗಾಗಿ ಮುರುಟಿದವು. ಅತ್ತೆ ದೂರದಿಂದಲೇ ಒಂದು ನೋಟ ಎಸೆದು, "ಇಳಕಲ್ ಸೀರಿ ಸೆರಗಿನ ಬಣ್ಣ ಬಂದೈತಿ ನೋಡ್ರಿ. ಹೆಂಗೂ ಮಗ್ಗ ಐತಿ, ನೇಯಾಕ ಹಚ್ಚರಿ" ಎಂದಳು.

ಮಾವ ಮತ್ತೆ ಬಿತ್ತಿದ. ಬೇಸಗೆಯಲ್ಲಿ ಕರೆಂಟು ಹೋದಾಗ ಇನ್ವರ್ಟರ್ ತಿರುಗಿದ್ದು ಫ್ಯಾನಿಗಲ್ಲ, ಕಳ್ಳಿಯ ದೀಪಕ್ಕೆ! ಮನುಷ್ಯರು ಪಡಸಾಲೆಯಲ್ಲಿ ಬೆವರಿಳಿಸುತ್ತ ರಟ್ಟಿನಿಂದ ಗಾಳಿ ಹಾಕಿಕೊಳ್ಳಬೇಕು, ಕಳ್ಳಿಗಳು ಬೆಳಕಿನಲ್ಲಿ ಮೆರೆಯಬೇಕು. ಈ ಸಲ ದೀಪ ಒಂದು ಗೇಣು ಮೇಲೆ. ಬೆಳಗಿನ ಚಹಾಕ್ಕೆ ಹಚ್ಚಿದರೆ ರಾತ್ರಿಯ ಊಟಕ್ಕೆ ಆರಿಸುವುದು. ಅಂತೂ ಹಸಿರು ಸಬ್ಬಕ್ಕಿಯಂಥ ಕಾಳುಗಳು ಮೂಡಿ, ಕೂದಲಿನಂಥ ಮುಳ್ಳು ಬಿಟ್ಟವು. ಬಂದು ನೋಡು ಎಂದು ಮಾವ ಎಷ್ಟು ಕರೆದರೂ ಅತ್ತೆ ಮಿಸುಕಲಿಲ್ಲ. ಮಾಳಿಗೆಯ ಕುಂಡಗಳು ಹೋದಾಗಿನಿಂದ ಅವಳು ಹಾಗೆಯೇ. "ನಿಮ್ಮ ಮಕ್ಕಳು, ನೀವ ಜ್ವಾಕಿ ಮಾಡರಿ" ಎಂದುಬಿಟ್ಟಳು.

ಆಗ ಹುನಗುಂದದಿಂದ ಅತ್ತೆಯ ಅಕ್ಕ ಬಂದಿಳಿದಳು. ನಮ್ಮ ಬಳಗದ ಬಾಣಂತನಗಳೆಲ್ಲ ಅವಳವೇ. ಎಳೆಗೂಸಿಗೆ ಎರೆದು, ಲೋಬಾನದ ಹೊಗೆ ಹಾಕಿ, ಬಿಸಿಲು ಕಾಯಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮರುದಿನ ಬೆಳಿಗ್ಗೆ ಮಾವ ಬಚ್ಚಲಲ್ಲಿ ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದ. ನಾನು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದೆ. ಆಕೆ ಲೋಬಾನದ ವಾಸನೆಯೊಂದಿಗೆ ಹೊರಬಾಗಿಲಿನಿಂದ ಒಳಗೆ ಬಂದು, ಸೆರಗಿಗೆ ಕೈ ಒರೆಸಿಕೊಂಡಳು.

"ಅಷ್ಟು ಎಳೀ ಕೂಸುಗೋಳನ್ನ ಕತ್ತಲ ಖೋಲ್ಯಾಗ ಮುಚ್ಚಿಟ್ಟೀರಿ. ಹೊಗಿ ಹಾಕಿ, ಕಟ್ಟಿ ಮ್ಯಾಲ ಬಿಸಿಲಿಗೆ ಇಟ್ಟೇನಿ. ನಾ ಕಾಸಿದ ಒಂದು ಕೂಸೂ ಸೊರಗಿಲ್ಲ."

ನಮ್ಮೂರಿನಲ್ಲಿ ಎಳೆಬಿಸಿಲು ಎಂಬುದು ಚಹಾ ಕುದಿಯುವುದರೊಳಗೆ ಮುಗಿದಿರುತ್ತದೆ! ನಾನು ಏಳುವ ಮುಂಚೆಯೇ ನನ್ನ ಪಕ್ಕದಿಂದ ಯಾರೋ ಓಡಿದರು. ನೋಡಿದರೆ ಅತ್ತೆ. ಕೊಡೆಯಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಕಟ್ಟೆಯ ಮುಂದೆ ಬಗ್ಗಿ, ಡಬ್ಬಿಯ ಮೇಲೆ ತನ್ನ ಸೆರಗು ಹರಡಿ ನಿಂತಿದ್ದಳು.

ಗದ್ದಲ ಕೇಳಿ ಮಾವ ಅರ್ಧ ಮುಖದ ಸೋಪಿನಲ್ಲೇ ಬಂದ, ಬಾಗಿಲ ಹಿಂದಿನ ಕೊಡೆ ಎಳೆದುಕೊಂಡು ಓಡಿದ. ಕಳ್ಳಿಗೆ ಹಿಡಿಯುತ್ತಾನೆ ಎಂದುಕೊಂಡೆ. ನೀವಾದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ. ಅವನು ಡಬ್ಬಿಯತ್ತ ಕಣ್ಣೆತ್ತಿಯೂ ನೋಡದೆ ಕೊಡೆಯನ್ನು ಅತ್ತೆಯ ತಲೆಯ ಮೇಲೆ ಬಿಚ್ಚಿದ.

"ನನಗ ಬ್ಯಾಡ್ರಿ, ಇವಕ್ಕ ಹಿಡೀರಿ."

"ಸತ್ರ ಸಾಯಲಿ ಅವು. ನೀ ಒಳಗ ನಡಿ."

ಅತ್ತೆ ಡಬ್ಬಿ ಬಿಡಲಿಲ್ಲ, ಮಾವ ಕೊಡೆ ಬಿಡಲಿಲ್ಲ. ಸಸಿಗಳ ಮೇಲೆ ಸೆರಗು, ಸೆರಗಿನ ಮೇಲೆ ಕೊಡೆ, ಹಾಗೇ ಮೆಲ್ಲಗೆ ಬಂದರು. ನೆರಳಿನ ಹೊರಗೆ ಉಳಿದದ್ದು ಮಾವನ ಬೋಳುತಲೆಯೊಂದೇ. ಒಳಗೆ ಬರುವಷ್ಟರಲ್ಲಿ ಅದು ಸೆರಗಿನ ಬಣ್ಣಕ್ಕೆ ತಿರುಗಿತ್ತು.

ಅತ್ತೆ ಮಗ್ಗದ ಮುಂದೆ ಕುರ್ಚಿ ಎಳೆದುಕೊಂಡು, ಕನ್ನಡಕ ಹಾಕಿ, ಒಂದೊಂದೇ ಸಸಿಯನ್ನು ನೋಡಿದಳು. ಸುಮಾರು ಅರ್ಧದಷ್ಟು ಸುಟ್ಟು ಬೆಳ್ಳಗಾಗಿದ್ದವು. ಮಾವ ಅವಳ ಮುಖವನ್ನೇ ನೋಡುತ್ತಿದ್ದ.

"ಉಳದಾವ್ರಿ ಇಷ್ಟು" ಎಂದಳು ತಲೆ ಎತ್ತದೆ. "ದೀಪ ಒಂದೀಟು ಮ್ಯಾಲ ಜಗ್ಗರಿ. ಇವತ್ತಿಗೆ ಬಿಸಿಲು ಸಾಕಾಗೈತಿ ಇವಕ್ಕ."

ಮಾವ ಹಗ್ಗ ಜಗ್ಗಿದ.