ಬಸುರಿ ಪಥ್ಯ ಹಿಡಿದ ಅಡುಗೆ ಕಂಟ್ರಾಕ್ಟರು

ನಂಜನಗೂಡಿನಲ್ಲಿ ಬಸುರಿ ಪಥ್ಯ ಮಾಡಿದ ಗಂಡಸು ಯಾರಾದರೂ ಇದ್ದರೆ ಅದು ನನ್ನ ಸ್ನೇಹಿತ ಒಬ್ಬನೇ. ಹಾಗಂತ ಅವನ ಹೆಂಡತಿ ಬಸುರಿಯಾಗಿದ್ದಳು ಅಂದುಕೊಳ್ಳಬೇಡಿ. ಅವನಿಗೆ ಮೀಸೆ ಚಿಗುರಿದ ಗಂಡುಮಕ್ಕಳಿದ್ದಾರೆ. ಬಸುರಿಯಾಗಿದ್ದವಳು ನನ್ನ ಹೆಂಡತಿ! ಅಯ್ಯೋ, ಈಗ ಇನ್ನೂ ತಪ್ಪು ತಿಳಿಯಬೇಡಿ. ಪೂರ್ತಿ ಕೇಳಿ.

ಅವನ ಹೆಸರು ಬರೆಯುವಂತಿಲ್ಲ. "ಏನಾರ ಬರ್ಕೊ, ಯೆಸ್ರು ಮಾತ್ರ ಆಕ್ಬೇಡ ಕಣ್ಲಾ, ಮದ್ವೆ ಆರ್ಡರು ತಪ್ಪೋಯ್ತದೆ" ಅಂದಿದ್ದಾನೆ. ಯಾಕೆಂದರೆ ಅವನು ಅಡುಗೆ ಕಂಟ್ರಾಕ್ಟರು. ಕಳಲೆಯಿಂದ ಹೆಮ್ಮರಗಾಲದವರೆಗೆ ಯಾರ ಮನೆ ಮದುವೆಯಾದರೂ ಒಬ್ಬಟ್ಟು, ಪಾಯಸ, ಬಾದೂಷ ಅವನದೇ ಆಗಬೇಕು. ನಾನು ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ವೈಂಡಿಂಗ್ ಮಾಡುವವನು. ನನ್ನ ಅಂಗಡಿಗೂ ಅವನು ಪಾತ್ರೆ ತುಂಬಿಡುವ ಶೆಡ್ಡಿಗೂ ಮಧ್ಯೆ ಇರುವುದು ಒಂದೇ ಗೋಡೆ. ಅವನ ಮಾತಿಗೆ ಆ ಗೋಡೆ ಎಂದೂ ಅಡ್ಡ ಬಂದಿಲ್ಲ.

ನನ್ನ ಹೆಂಡತಿಗೆ ಇದು ಎರಡನೆಯ ಬಸುರು. ಮೊದಲನೆಯದು ಐದು ತಿಂಗಳಿಗೇ ಹೋಗಿತ್ತು. ಹಾಗಾಗಿ ಈ ಸಲ ಮನೆಯಲ್ಲಿ ಜೋರಾಗಿ ಬಾಗಿಲು ಹಾಕಿಕೊಳ್ಳುವುದಕ್ಕೂ ನಮಗೆ ಭಯ. ಅಂಥದ್ದರಲ್ಲಿ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, "ಶುಗರ್ ಏರಿದೆ. ಬಸುರಿಯರಲ್ಲಿ ಹೀಗೆ ಆಗುವುದುಂಟು. ಸಿಹಿ ಬಿಡಿ, ಅನ್ನ ಕಮ್ಮಿ ಮಾಡಿ, ಊಟ ಆದ ಮೇಲೆ ನಡೀರಿ. ಮಗುವಿಗೆ ತೊಂದರೆ ಆಗದ ಹಾಗೆ ನೋಡಿಕೊಳ್ಳೋಣ" ಅಂದರು. ನನ್ನ ಹೆಂಡತಿ ಅದರಲ್ಲಿ ಕೇಳಿಸಿಕೊಂಡಿದ್ದು 'ತೊಂದರೆ' ಅನ್ನುವ ಒಂದೇ ಮಾತು. ಮನೆಗೆ ಬಂದು ಗೋಡೆ ನೋಡಿಕೊಂಡು ಕೂತಳು. ಊಟ ಬಡಿಸಿದರೆ ಉಣ್ಣಲಿಲ್ಲ. "ಉಂಡ್ರೆ ಏರ್ತದೆ, ಉಣ್ದಿದ್ರೆ ಮಗೂಗೆ ಸಾಲಲ್ಲ. ನಾನೇನ್ ಮಾಡ್ಲಿ?" ಅಂದಳು.

ನಾನು ಇದನ್ನು ಸ್ನೇಹಿತನಿಗೆ ಹೇಳಿದೆ. ಅವನು ಉಜ್ಜುತ್ತಿದ್ದ ಬಾಣಲೆ ಕೆಳಗಿಟ್ಟ. ಆಮೇಲೆ ಹೇಳಿದ ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ: "ಒಬ್ಬಳೇ ಪಥ್ಯ ಮಾಡುದ್ರೆ ಅದು ಶಿಕ್ಷೆ ಕಣ್ಲಾ. ಎಲ್ಲಾರೂ ಕೂಡಿ ಮಾಡುದ್ರೆ ವ್ರತ. ಇವತ್ತಿಂದ ನೀನೂ ಬಸುರಿ, ನಾನೂ ಬಸುರಿ!"

ನಾನು ತಮಾಷೆ ಅಂದುಕೊಂಡೆ. ಸಂಜೆ ಬಂದು ನಮ್ಮ ಅಡುಗೆಮನೆ ಜಪ್ತಿ ಮಾಡಿದ! ಸಕ್ಕರೆ ಡಬ್ಬ, ಬೆಲ್ಲದಚ್ಚು, ಬಿಸ್ಕತ್ತು, ಕಡೆಗೆ ಗೂಟಕ್ಕೆ ನೇತುಹಾಕಿದ್ದ ರಸಬಾಳೆಯ ಗೊನೆ ಕೂಡ ಅವನ ಲಗೇಜ್ ಆಟೋ ಏರಿತು.

"ಅಲ್ಲ ಕಣೋ, ನನ್ನ ಟೀಗೆ?" ಅಂದೆ.

"ಬಸುರೀರು ಟೀ ಜಾಸ್ತಿ ಕುಡೀಬಾರ್ದು."

"ನಾನು ಗಂಡಸು ಕಣೋ!"

"ಒಟ್ಟೆ ನೋಡುದ್ರೆ ಅಂಗನ್ಸಲ್ಲ" ಅಂದ.

ನನ್ನ ಹೆಂಡತಿ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನಕ್ಕಿದ್ದು ಆಗ. ನನಗೆ ಟೀ ಹೋದರೂ ಪರವಾಗಿಲ್ಲ ಅನ್ನಿಸಿತು. ಒಂದು ದಿನದ ಮಟ್ಟಿಗೆ.

ಸಿಹಿ ಬಿಟ್ಟ ಮೋಟಾರ್ ಮೆಕ್ಯಾನಿಕ್ಕಿನಿಂದ ಲೋಕಕ್ಕೆ ಏನೂ ನಷ್ಟವಿಲ್ಲ. ಆದರೆ ಸಿಹಿ ಬಿಟ್ಟ ಅಡುಗೆ ಕಂಟ್ರಾಕ್ಟರು? ಕಳಲೆಯಲ್ಲೊಂದು ಮದುವೆ. ಶ್ಯಾವಿಗೆ ಪಾಯಸ ಹದವಾಗಿ ಕುದಿಯುತ್ತಿದೆ. ರುಚಿ ನೋಡಬೇಕಾದವನು ವ್ರತಸ್ಥ! ಮೂಗು ಹತ್ತಿರ ಹಿಡಿದು, "ಗಮ್ಮಂತದೆ, ಬುಡಿ ಪಂಕ್ತಿಗೆ" ಅಂದುಬಿಟ್ಟ. ಗಮ್ಮೆಂದಿದ್ದು ಏಲಕ್ಕಿ. ಸಕ್ಕರೆ ಅವನು ಹಾಕಿರಲೇ ಇಲ್ಲ. ನಾಲ್ಕು ಪಂಕ್ತಿ ಜನ ಹುಬ್ಬು ಗಂಟು ಹಾಕಿಕೊಂಡು ಹಾಲುಶ್ಯಾವಿಗೆ ನುಂಗಿದರು. ಹೆಣ್ಣಿನ ತಂದೆ ಅಡುಗೆಮನೆಗೇ ನುಗ್ಗಿದರು.

"ಏನ್ರೀ ಕಂಟ್ರಾಕ್ಟ್ರೇ! ಪಾಯ್ಸಕ್ಕೆ ಸಕ್ಕರೆ ಬ್ಯಾಡ್ವಾ?"

ನನ್ನ ಸ್ನೇಹಿತ ಸೌಟು ಕೆಳಗಿಡದೆ ಹೇಳಿದ, "ನಿಮ್ ಮಗ್ಳು ನಾಳೆ ಬಸುರಿ ಆಗೋಳಲ್ವಾ ಸಾ? ಈಗ್ಲಿಂದ್ಲೇ ಅಭ್ಯಾಸ ಆಗ್ಲಿ ಬುಡಿ!"

ಹೊಡೆತ ಬೀಳಲಿಲ್ಲ ಅನ್ನುವುದು ಅವನ ಪುಣ್ಯ. ಅಂದಿನಿಂದ ಒಂದು ಉಪಾಯ ಕಂಡುಕೊಂಡ. ಗಂಡಿನ ಕಡೆಯ ಹಿರಿಯರೊಬ್ಬರನ್ನು ಅಡುಗೆಮನೆಗೆ ಕರೆದು, ಕುರ್ಚಿ ಹಾಕಿ, ಬಟ್ಟಲಲ್ಲಿ ಪಾಯಸ ಕೊಟ್ಟು, "ತಾವು ಒಪ್ಪಿದ್ರೆ ಮಾತ್ರ ಬಡುಸ್ತೀವಿ" ಅನ್ನುತ್ತಿದ್ದ. ಇಂಥ ಮರ್ಯಾದೆ ಕಂಡೇ ಇರದ ಬೀಗರು ಉಬ್ಬಿಹೋಗುತ್ತಿದ್ದರು. ಆ ವರ್ಷ ಅವನಿಗೆ ಆರ್ಡರು ಜಾಸ್ತಿಯೇ ಆಯಿತು!

ಇನ್ನು ನಡಿಗೆ. ನಮ್ಮ ಬೀದಿಯಲ್ಲಿ ಗಂಡ ಹೆಂಡತಿ ಜೊತೆಯಾಗಿ ನಡೆದರೆ ಒಂದೋ ಮದುವೆಗೆ ಹೊರಟಿರಬೇಕು, ಇಲ್ಲವೇ ಆಸ್ಪತ್ರೆಗೆ. ಸುಮ್ಮನೆ ನಡೆದರೆ ಜಗುಲಿಯವರೆಲ್ಲ ವಿಚಾರಣೆ ಮಾಡುತ್ತಾರೆ. ನನ್ನ ಹೆಂಡತಿಗೆ ನಾಚಿಕೆ. ಅದಕ್ಕೂ ಅವನೇ ದಾರಿ ಹುಡುಕಿದ. ಬೇಗ ಊಟ ಮುಗಿಸಿ, ಬೆಳಕಿರುವಾಗಲೇ ಅವನೂ ಅವನ ಹೆಂಡತಿಯೂ ಮುಂದೆ, ನಾವು ಹಿಂದೆ, ಕಪಿಲಾ ನದಿಯ ಕಡೆಗೆ. ಮೊದಲ ದಿನವೇ ಜಗುಲಿಯ ಅಜ್ಜಿಯೊಬ್ಬಳು ತಡೆದಳು.

"ಬಸುರಿ ಎಂಗ್ಸ ಈ ವತ್ನಲ್ಲಿ ಒಳೆ ಕಡೆ ಕರ್ಕೊಂಡೋಯ್ತಿದ್ದೀರಲ್ಲ, ದೃಷ್ಟಿ ಆಯ್ತದೆ ಅನ್ನೋದು ಗೊತ್ತಿಲ್ವಾ?"

ಮರುದಿನ ನನ್ನ ಸ್ನೇಹಿತ ಆಟೋಗೆ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿಯ ಸರ ಬಿಚ್ಚಿ ಕೊರಳಿಗೆ ಹಾಕಿಕೊಂಡು ಬಂದ. "ಅಜ್ಜಿ, ದೃಷ್ಟಿ ಎಲ್ಲಾ ಈಗ ನನ್ಗೇ ಬೀಳ್ತದೆ. ಚೆನ್ನಾಗಿ ನೋಡ್ಕೊ!" ಅಂತ ಅಲ್ಲಿಯೇ ಒಂದು ಸುತ್ತು ತಿರುಗಿ ತೋರಿಸಿದ.

"ನಿನ್ನ ಯಾವ ದೆವ್ವ ನೋಡದು ಓಗ್ಲಾ" ಅಂದಳು ಅಜ್ಜಿ.

ಅವನ ಹೆಂಡತಿ ನನ್ನವಳ ಕೈ ಹಿಡಿದು, "ನೋಡವ್ವ, ನಾನು ಇಷ್ಟು ವರ್ಸ ಇದನ್ನ ಕಟ್ಕೊಂಡು ಬಾಳಿದ್ದೀನಿ. ನಿಂಗೆ ಬರೀ ಒಂಬತ್ ತಿಂಗ್ಳು. ತಡ್ಕೊ" ಅಂದಳು. ಬರಬರುತ್ತಾ ನಮ್ಮ ಹಿಂದೆ ಇನ್ನೂ ಕೆಲವರು ಸೇರಿಕೊಂಡರು. ಶುಗರ್ ಇದ್ದ ಮೇಷ್ಟ್ರು, ಮಂಡಿ ನೋವಿನ ಹೂವಿನವಳು. ಕಡೆಗೆ ಕೋಲೂರಿಕೊಂಡು ಆ ಅಜ್ಜಿಯೂ ಬಂದಳು, ಬೈಯುವುದಕ್ಕೆ ಯಾರೂ ಸಿಗದೆ ಬೇಜಾರಾಯಿತಂತೆ. ಪರೀಕ್ಷೆ ಮಾಡಿಸಿದಾಗಲೆಲ್ಲ ಡಾಕ್ಟರಮ್ಮ, "ಚೆನ್ನಾಗಿ ಹಿಡಿತದಲ್ಲಿದೆ, ಮುಂದುವರಿಸಿ" ಅನ್ನುತ್ತಿದ್ದರು. ಅದನ್ನು ಕೇಳಿ ನನ್ನ ಸ್ನೇಹಿತ ತನಗೇ ಫಸ್ಟ್ ಕ್ಲಾಸು ಬಂದವನಂತೆ ಮೀಸೆ ತಿರುವುತ್ತಿದ್ದ.

ಸೀಮಂತದ ದಿನ ಮಾತ್ರ ಯುದ್ಧವೇ ಆಯಿತು. ಅಡುಗೆ ಅವನದು. ಬಂದವರಿಗೆಲ್ಲ ಒಬ್ಬಟ್ಟು; ಬಸುರಿಯ ತಟ್ಟೆಗೆ ಮಾತ್ರ ರಾಗಿ ರೊಟ್ಟಿ, ಸೊಪ್ಪಿನ ಪಲ್ಯ, ಹುರುಳಿ ಮೊಳಕೆಯ ಉಸಲಿ, ಮಜ್ಜಿಗೆ. ಹೆಡತಲೆ ಊರಿನಿಂದ ನನ್ನ ಸೋದರತ್ತೆ ಬುಟ್ಟಿ ತುಂಬಾ ಕಜ್ಜಾಯ ಹೊತ್ತು ತಂದಿದ್ದಳು. ಅದರ ಮೇಲೆ ಇವನು ಬಟ್ಟೆ ಮುಚ್ಚಿದ್ದನ್ನು ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಸೀಮಂತದಲ್ಲಿ ಸೊಪ್ಪು ಇಕ್ಕೋ ಮನೆಯಾ ಇದು? ಬಸುರಿ ಬಯ್ಕೆ ತೀರುಸ್ದಿದ್ರೆ ಮಗೀಗೆ ಕಿವಿ ಸೋರ್ತದೆ ಕಣೋ ಮುಂಡೇದೆ!"

"ಕಿವಿ ಸೋರುದ್ರೆ ಅತ್ತಿ ಇಡವಾ ಕಣತ್ತೆ" ಅಂದ ಅವನು ಶಾಂತವಾಗಿ. "ಸಕ್ಕರೆ ಏರುದ್ರೆ ಏನ್ ಇಡವಾ ಯೋಳು?"

ಉತ್ತರ ಹೊಳೆಯದಿದ್ದಾಗ ನಮ್ಮತ್ತೆ ಏನು ಮಾಡುತ್ತಾಳೆ ಅನ್ನುವುದು ನಮ್ಮ ವಂಶಕ್ಕೆಲ್ಲ ಗೊತ್ತು. ಒಂದು ಕಜ್ಜಾಯ ತೆಗೆದು ಅವನ ಬಾಯಿಗೇ ತುರುಕಲು ಹೋದಳು! ಅವನು ಬಾಯಿ ಬಿಗಿಹಿಡಿದು ಮನೆ ಮುಂದಿನ ಚಪ್ಪರದ ಸುತ್ತ ಓಡಿದ, ಇವಳು ಅಟ್ಟಿಸಿಕೊಂಡು ಓಡಿದಳು. ಆರತಿ ತಟ್ಟೆ ಹಿಡಿದ ಮುತ್ತೈದೆಯರು ಹಾಡುವುದನ್ನು ಬಿಟ್ಟು ಇವರನ್ನೇ ನೋಡುತ್ತಾ ನಿಂತರು. ಕಡೆಗೆ ಸುಸ್ತಾಗಿ ಕೂತ ಅತ್ತೆ ಮೇಲುಸಿರು ಬಿಡುತ್ತಾ, "ಅಲ್ಲಾ, ಈ ಬಡ್ಡೀಮಗ ನಿಜ್ವಾಗ್ಲೂ ತಿನ್ನಲ್ವಲ್ಲ!" ಅಂದಳು. ಆಮೇಲೆ ತಾನೇ ಬಸುರಿಯ ತಟ್ಟೆಗೆ ಇನ್ನೊಂದು ಸೌಟು ಸೊಪ್ಪು ಬಡಿಸಿದಳು.

ಸೀಮಂತ ಮುಗಿದ ಮೇಲೆ ನನ್ನ ಹೆಂಡತಿ ತವರಿಗೆ, ಅಂದರೆ ತಿ. ನರಸೀಪುರಕ್ಕೆ ಹೋದಳು. ಅಲ್ಲಿರುವುದು ಅವಳ ತಾಯಿ ಒಬ್ಬರೇ. ನನ್ನ ಸ್ನೇಹಿತ ಫೋನಿನಲ್ಲೇ ಪಥ್ಯ ಕಾಯುತ್ತಿದ್ದ. "ಏನ್ ಉಂಡವ್ವಾ? ಎಲ್ಲೀಗಂಟ ನಡ್ದೆ?" ಅಂತ ಕೇಳಿದ ಮೇಲೆಯೇ ನನ್ನ ಕೈಗೆ ಫೋನು ಬರುತ್ತಿದ್ದುದು.

ದಿನ ತುಂಬುತ್ತಿದ್ದ ಹಾಗೆ ಒಂದು ಬೆಳಿಗ್ಗೆ ಅವಳದೇ ಫೋನು. "ರೀ, ಎದ್ದಾಗ್ನಿಂದ ಮಗು ಒದೀತಿಲ್ಲ. ಅಮ್ಮ ಆಸ್ಪತ್ರೆಗೆ ಕರ್ಕೊಂಡೋಯ್ತಾವ್ರೆ. ಬನ್ನಿ" ಅಂದಳು. ಧ್ವನಿ ಸಣ್ಣಗಿತ್ತು. ನನ್ನ ಕೈಯಲ್ಲಿದ್ದ ತಾಮ್ರದ ತಂತಿ ಎಲ್ಲಿ ಬಿತ್ತೋ ಗೊತ್ತಿಲ್ಲ. ನಾನು "ಆಸ್ಪತ್ರೆಗಾ?" ಅಂದಿದ್ದು ಗೋಡೆಯಾಚೆ ಅವನಿಗೆ ಕೇಳಿಸಿತ್ತು. ನಾನು ಹೊರಗೆ ಬರುವಷ್ಟರಲ್ಲಿ ಆಟೋ ಸ್ಟಾರ್ಟ್ ಮಾಡಿ ನಿಂತಿದ್ದ. ಅವತ್ತು ಸಂಜೆಯ ಆರತಕ್ಷತೆಗೆ ತುಂಬಿದ್ದ ಕೊಪ್ಪರಿಗೆ, ಜಾಲರಿಗಳನ್ನೂ ಇಳಿಸಲಿಲ್ಲ. ದಾರಿಯುದ್ದಕ್ಕೂ ಪಾತ್ರೆಗಳದೇ ಸದ್ದು. ಅವನು ಒಂದು ಮಾತೂ ಆಡಲಿಲ್ಲ. ಅವನನ್ನು ಬಲ್ಲ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾಗಿದ್ದು ಅದಕ್ಕೇ.

ಆಸ್ಪತ್ರೆಯಲ್ಲಿ ಅವಳ ಹೊಟ್ಟೆಗೆ ಯಂತ್ರ ಹಿಡಿದಿದ್ದರು. ಬಾಗಿಲ ಹೊರಗಿನವರೆಗೂ ಸದ್ದು ಕೇಳಿಸುತ್ತಿತ್ತು, ಕುದುರೆ ಓಡಿದ ಹಾಗೆ. ನರ್ಸಮ್ಮ, "ಮಗುವಿನ ಎದೆಬಡಿತ, ಚೆನ್ನಾಗಿದೆ. ಆದರೂ ಕಾಯೋದು ಬೇಡ ಅಂತ ಡಾಕ್ಟರು ಆಪರೇಷನ್ ಮಾಡ್ತಾರಂತೆ" ಅಂದರು. ನನ್ನ ಸ್ನೇಹಿತ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು. ತಾಯಿಗೆ ಶುಗರ್ ಇದ್ದಿದ್ದಕ್ಕೆ ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ನೋಡಿದರು, ಏನೂ ತೊಂದರೆ ಇರಲಿಲ್ಲ. ತಾಯಿ ಮಗುವನ್ನು ವಾರ್ಡಿಗೆ ತಂದ ಮೇಲೆ ನಾನು ಒಳಗೆ ಹೋದೆ. ಅವನು ಬಾಗಿಲಲ್ಲೇ ನಿಂತ. ಬಾಣಂತಿಯ ಹತ್ತಿರ ಹೊರಗಿನ ಗಂಡಸು ಬರಬಾರದಲ್ಲ, ಅದಕ್ಕೆ.

ನನ್ನ ಹೆಂಡತಿಗೆ ಒಡಹುಟ್ಟಿದವರು ಯಾರೂ ಇಲ್ಲ. ಅವನನ್ನು ಅವಳು ಮೊದಲಿನಿಂದಲೂ ನನ್ನ ಕಡೆಯವನು ಅಂತ 'ಭಾವ' ಅನ್ನುತ್ತಿದ್ದಳು. ಅವಳು ಸುಸ್ತಾದ ಕಣ್ಣು ಅವನ ಕಡೆ ತಿರುಗಿಸಿ, ನಿಧಾನಕ್ಕೆ ಹೇಳಿದಳು: "ಅಣ್ಣಾ, ಮುಡಿ ತೆಗ್ಸುವಾಗ, ಕಿವಿ ಚುಚ್ಸುವಾಗ ಮಗೂನ ಸೋದ್ರಮಾವನ ತೊಡೆ ಮೇಲೆ ಕೂರುಸ್ಬೇಕಲ್ವಾ? ನೀವ್ ಕೂತ್ಕೊತೀರಾ?"

ಊರಿಗೆಲ್ಲ ಉತ್ತರ ಕೊಡುವ ನನ್ನ ಸ್ನೇಹಿತ ಚಪ್ಪಲಿ ಕಳಚಿ ಒಳಗೆ ಬಂದವನೇ, ಅಲ್ಲೇ ಆಸ್ಪತ್ರೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಂಚೆ ಸರಿಮಾಡಿಕೊಂಡು, ತೊಡೆ ಚಾಚಿದ.

"ಈಗಲ್ಲ ಕಣಣ್ಣಾ! ಇನ್ನೂ ವರ್ಸ ತುಂಬ್ಬೇಕು" ಅಂತ ನಕ್ಕಳು. ನಕ್ಕರೆ ಹೊಲಿಗೆ ನೋಯುತ್ತದೆ ಅಂತ ಹೊಟ್ಟೆ ಹಿಡಿದುಕೊಂಡಳು.

ಅವನು ಏಳಲಿಲ್ಲ. ಮುಖ ಮೇಲೆತ್ತಲೂ ಇಲ್ಲ. ಅವಳ ತಾಯಿ ಮಗುವನ್ನು ಎತ್ತಿ ತಂದು ಆ ತೊಡೆಯ ಮೇಲೆ ಮಲಗಿಸಿದರು. ನಾನು ತಂದೆ. ನನ್ನ ಸರದಿ ಬರಲಿ ಅಂತ ಮಂಚದ ಪಕ್ಕ ಸುಮ್ಮನೆ ನಿಂತುಕೊಂಡೆ.