ಜರ್ಮನಿಯ ಚೂರಿಗೆ ಬ್ರೆಜಿಲ್ ಕೋಳಿ

ಪುರಂದರನ ಸೋದರಮಾವ ಹಡಗಿನಲ್ಲಿ ಅಡುಗೆಯವನಾಗಿದ್ದವನು. ಅವನು ತೀರಿಕೊಂಡ ಮೇಲೆ ಮನೆ, ಗದ್ದೆ ಎಲ್ಲ ಅಳಿಯಸಂತಾನದ ಲೆಕ್ಕದಲ್ಲಿ ದೊಡ್ಡ ಅಳಿಯಂದಿರ ಪಾಲಾಯಿತು. ಕೊನೆಯ ಅಳಿಯನಾದ ಪುರಂದರನನ್ನು ಹುಡುಕಿಕೊಂಡು ಅಬುಧಾಬಿಗೆ ಬಂದದ್ದು ಒಂದು ಚೂರಿ. ಕರಿ ಹಿಡಿ, ಗುಂಡಿ ಹಾಕುವ ಕರಿ ತಗಡಿನ ಒರೆ, ಅಲಗಿನ ಮೇಲೆ ಅರ್ಥವಾಗದ ಅಕ್ಷರ, ಹಿಡಿಯ ನಡುವೆ ಸಣ್ಣ ಬಿಲ್ಲೆಯಲ್ಲಿ ಸ್ವಸ್ತಿಕ.

ಸ್ವಸ್ತಿಕ ಕಂಡದ್ದೇ ಹೆಂಡತಿ ಅಮ್ಮಣ್ಣಿ ಕುಂಕುಮ ಹಚ್ಚಿ ಅದನ್ನು ದೇವರ ಗೂಡಿನಲ್ಲಿಟ್ಟಳು. ತಂಟೆ ಶುರುವಾದದ್ದು ಅಲ್ಲಿಂದ. ಬೆಳಗಾದರೆ ಚೂರಿ ಒರೆ ಬಿಟ್ಟು ನೆಲದ ಮೇಲೆ. ಮೊನೆ ಅವಳ ಮಂಚದ ಕಡೆಗೆ, ಹೋಂವರ್ಕ್ ಮಾಡದವಳಿಗೆ ಟೀಚರು ಬೆರಳು ತೋರಿಸಿದ ಹಾಗೆ.

ಆ ಶುಕ್ರವಾರ ಅಮ್ಮಣ್ಣಿ ಸೂಟ್‌ಕೇಸು ಎಳೆದು ಹಾಕಿದಳು. "ಇದು ಯಾರದ್ದು, ಇದಕ್ಕೆ ಎಂತ ಬೇಕು ಅಂತ ಸಂಜೆಯೊಳಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ನಾನು ಮಂಗಳೂರಿಗೆ. ನೀವೂ ನಿಮ್ಮ ಮಾವನ ಚೂರಿಯೂ ಸುಖವಾಗಿರಿ!"

ಅವಳಿಗೆ ಫ್ಯಾಮಿಲಿ ವೀಸಾ ಸಿಗುವಷ್ಟರಲ್ಲಿ ಪುರಂದರನ ತಲೆ ಅರ್ಧ ಬೆಳ್ಳಗಾಗಿತ್ತು.

ಚೂರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮೇಲಿನ ಮಹಡಿಯ ಜರ್ಮನ್ ಇಂಜಿನಿಯರ್ ಕಾನ್ರಾಡನ ಬಾಗಿಲು ತಟ್ಟಿದ. ಹಿಂದೆ ಅಮ್ಮಣ್ಣಿ, ಅವಳ ಹಿಂದೆ, ಯಾರೂ ಕರೆಯದಿದ್ದರೂ, ಪಕ್ಕದ ಫ್ಲ್ಯಾಟಿನ ಆಮಿನಮ್ಮ.

ಟವೆಲು ಬಿಚ್ಚಿದ್ದೇ ಕಾನ್ರಾಡನ ಮುಖ ಮೈದಾ ಹಿಟ್ಟಾಯಿತು. ಅದು ನಾಜಿಗಳ ಕಾಲದಲ್ಲಿ ಹುಡುಗರ ಪಡೆಗೆ ಕೊಡುತ್ತಿದ್ದ ಚೂರಿಯಂತೆ. "ಈ ಕೆಂಪು ಎಂಥದು?" ಎಂದ.

"ಕುಂಕುಮ. ಪೂಜೆ ಮಾಡ್ತೇವೆ," ಎಂದ ಪುರಂದರ.

ಕಾನ್ರಾಡ್ ಕುರ್ಚಿ ತಡವಿಕೊಂಡು ಕೂತ. ಅಲಗಿನ ಬರಹವನ್ನು ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಪುರಂದರ ಕನ್ನಡದಲ್ಲಿ ಒಪ್ಪಿಸಿದ: "ರಕ್ತ ಮತ್ತು ಮರ್ಯಾದೆ."

ಅಮ್ಮಣ್ಣಿಯ ಮುಖ ಅರಳಿತು. "ಹಾಗೆ ಹೇಳಿ ಮತ್ತೆ! ಪಾಪ, ಬಾಯಿಬಿಟ್ಟು ಕೇಳ್ತಾ ಉಂಟು. ನಮ್ಮ ಊರಿನ ದೈವಗಳೂ ಕೇಳುವುದು ಇದನ್ನೇ ಅಲ್ವಾ? ಒಂದು ಕೋಳಿ, ಸ್ವಲ್ಪ ಮರ್ಯಾದೆ."

"ಇದು ಜರ್ಮನಿದು ಮಾರಾಯ್ತಿ!"

"ದೈವಕ್ಕೆ ಪಾಸ್‌ಪೋರ್ಟ್ ಉಂಟಾ?"

ಸೂಪರ್‌ಮಾರ್ಕೆಟಿನಿಂದ ಮನೆಗೆ ಬ್ರೆಜಿಲಿನ ಫ್ರೋಜನ್ ಕೋಳಿ ಬಂತು, ಅರೆಯುವ ಕಲ್ಲಿನಷ್ಟು ಗಟ್ಟಿ.

"ಇದರಲ್ಲಿ ರಕ್ತ ಎಲ್ಲುಂಟು?" ಎಂದಳು ಅಮ್ಮಣ್ಣಿ.

"ಹಲಾಲ್ ಕೋಳಿ ಅಕ್ಕ, ರಕ್ತ ಮಾಫಿ, ಒಂದು ತೊಟ್ಟೂ ಇಲ್ಲ," ಎಂದ ಆಮಿನಮ್ಮ ತನ್ನ ಎಲೆಡಬ್ಬಿಯಿಂದ ಸುಣ್ಣ ತಂದುಕೊಟ್ಟಳು. ಅರಿಶಿನದ ನೀರಿಗೆ ಕಲಸಿದಾಗ ಕೆಂಪಾಯಿತು. ಚೂರಿಯ ಮುಂದೆ ಬಾಳೆಲೆಯ ಬದಲು ಫಾಯಿಲ್ ಹಾಸಿ, ಕೋಳಿಯಿಟ್ಟು, ಕೆಂಪು ನೀರೆರೆದು ಅಮ್ಮಣ್ಣಿ ಕೈಮುಗಿದಳು: "ಹೆಸರು ಗೊತ್ತಿಲ್ಲ, ಕ್ಷಮಿಸ್ಬೇಕು. ಯಾರೇ ಆಗಿರಿ, ಮರ್ಯಾದೆಯಿಂದ ಕರೀತಿದ್ದೇವೆ. ಬಂದು ಸ್ವೀಕರಿಸ್ಬೇಕು."

ಯಾರೂ ಮುಟ್ಟದೆ ಒರೆಯ ಗುಂಡಿ ಟಪ್ಪೆಂದು ಬಿಚ್ಚಿಕೊಂಡಿತು. ಆಮಿನಮ್ಮ ಬಾಯೊಳಗೇ ಏನೋ ಓದುತ್ತ, ಹಿಮ್ಮುಖವಾಗಿ ನಡೆದು ತನ್ನ ಮನೆ ಸೇರಿದಳು.

ಚೂರಿ ಯಾರದ್ದೆಂದು ಕೇಳಲು ಕಾನ್ರಾಡ್ ಕೊಟ್ಟ ವಿಳಾಸ ಹಿಡಿದು ಪುರಂದರ ದುಬೈಗೆ ಟ್ಯಾಕ್ಸಿ ಹತ್ತಿದ. ಹೊರಗೆ ಬೆಂಕಿಯಂಥ ಬಿಸಿಲು. ತೊಡೆಯ ಮೇಲಿನ ಚೂರಿ ಮಾತ್ರ ತಣ್ಣಗೆ, ಸತ್ತ ಮೀನಿನ ಹಾಗೆ. ಅಲ್ಲಿಯ ಅಲ್ ಮುರಕ್ಕಬಾತ್ ಬಡಾವಣೆಯಲ್ಲಿ ಹಳೆಯ ಆಯುಧ ಮಾರುವ ಎಡ್ವರ್ಡ್ ಅದನ್ನು ಭೂತಗನ್ನಡಿಯಡಿ ತಿರುಗಿಸಿದ, ಹಿಡಿ ಕೆರೆದ, ಒರೆ ಮೂಸಿದ, ಕೊನೆಗೆ ನಕ್ಕ.

"ನಕಲು! ಅಸಲಿಯಲ್ಲಿ ಮಾಡಿದವರ ಮುದ್ರೆ ಇರುತ್ತದೆ. ಈ ಬಿಲ್ಲೆಯನ್ನು ಗೋಂದಿನಲ್ಲಿ ಅಂಟಿಸಿದ್ದಾರೆ. ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ಹಡಗಿನವರಿಗೆ ಮಾರಲು ಮಾಡಿದ್ದು. ಯಾವ ಜರ್ಮನ್ ಹುಡುಗನೂ ಇದನ್ನು ಸೊಂಟಕ್ಕೆ ಕಟ್ಟಿಲ್ಲ."

"ಮತ್ತೆ ತಾನಾಗಿ ಹೊರಗೆ ಬರ್ತದಲ್ಲ?"

"ಕಳಪೆ ಒರೆ, ಸಡಿಲ ಗುಂಡಿ. ಎ.ಸಿ.ಯ ತಂಪಿಗೆ ತಗಡು ಮುದುಡಿದರೆ ಚೂರಿ ಜಾರಿ ಬೀಳುತ್ತದೆ."

ಪುರಂದರ ಚೂರಿಯನ್ನು ಅಲ್ಲೇ ಪುಕ್ಕಟೆ ಬಿಟ್ಟು, ಫುಟ್‌ಪಾತಿನಲ್ಲಿ ಕುಣಿಯುವುದೊಂದು ಬಾಕಿಯಿಟ್ಟು, ಮೊಬೈಲ್ ಒತ್ತಿದ. "ಅಮ್ಮಣ್ಣೀ, ಖಲಾಸ್! ಸೂಟ್‌ಕೇಸು ಒಳಗಿಡು. ಚೂರಿಯಲ್ಲಿ ದೈವವೂ ಇಲ್ಲ, ದೆವ್ವವೂ ಇಲ್ಲ!"

ಆ ಕಡೆಯಿಂದ ಪಿಸುದನಿ. "ಯಾರೂ ಇರ್ಲಿಲ್ವಾ?"

"ಯಾರೂ ಇಲ್ಲ!"

"ಈಗ ಇದ್ದಾರೆ," ಎಂದಳು ಅಮ್ಮಣ್ಣಿ. "ಸೋಫಾದಲ್ಲಿ ಕೂತಿದ್ದಾರೆ. ಫಾಯಿಲಿನಲ್ಲಿ ಬರೀ ಎಲುಬು. ಇಷ್ಟು ಮರ್ಯಾದೆಯಿಂದ ತಮ್ಮನ್ನು ಯಾರೂ ಕರೆದದ್ದೇ ಇಲ್ಲವಂತೆ. ಇನ್ನು ಇಲ್ಲೇ ಇರ್ತಾರಂತೆ... ನೀವು ಬರುವಾಗ ಇನ್ನೆರಡು ಕೋಳಿ ತರ್ಬೇಕಂತೆ."