ನಾಲ್ಕು ಮೂಲೆಯ ಬೆಕ್ಕು

"ಈ ಸಲ ಮನೆಗೆ ಯಾವ ಯಂತ್ರ ಬರಬೇಕು ಅನ್ನೋದನ್ನ ನಾನೇ ತೀರ್ಮಾನ ಮಾಡ್ತೀನಿ. ನಮ್ಮಮ್ಮನೂ ಅಲ್ಲ, ನಿಮ್ಮಪ್ಪನೂ ಅಲ್ಲ. ನಾನು!"

ಡಿಸೆಂಬರಿನ ಬೋನಸ್ ಕೈಗೆ ಬಂದ ಸಂಜೆ ಎದೆಯುಬ್ಬಿಸಿ ಹೀಗೆ ಘೋಷಿಸಿದೆ. ನನ್ನ ಹೆಂಡತಿ ಚಿಹಾರು ಮೂಲಂಗಿ ಹೆಚ್ಚುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

"ಅನ್ನದ ಕುಕ್ಕರ್ ತರುವಾಗ್ಲೂ ಹೀಗೇ ಅಂದಿದ್ರಿ. ಆಮೇಲೆ ನಿಮ್ಮಮ್ಮನಿಗೊಂದು ಫೋನು, ನಮ್ಮಪ್ಪನಿಗೊಂದು ಫೋನು. ನೀವು ತೀರ್ಮಾನ ಮಾಡೋವರೆಗೂ ನಾನು ಪಾತ್ರೇಲಿ ಅನ್ನ ಬೇಯಿಸ್ದೆ."

ನಮ್ಮ ಮನೆಯ ರಾಜಕೀಯವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಅಮ್ಮ ಒಸಾಕಾದಲ್ಲಿ ವಿದ್ಯುತ್ ಸಾಮಾನಿನ ಪುಟ್ಟ ಅಂಗಡಿ ನಡೆಸುತ್ತಾಳೆ. ನಮ್ಮ ಕಡೆಯ ಬೀದಿ ಅಂಗಡಿಗಳೆಲ್ಲ ಹಾಗೇ, ಒಂದೇ ಕಂಪನಿಗೆ ನಿಷ್ಠೆ. ಫಲಕದ ಮೇಲೆ ಕಂಪನಿಯ ಹೆಸರು ಆಳೆತ್ತರ, ಅಮ್ಮನ ಹೆಸರು ಗೇಣುದ್ದ. ಮಾವನವರೋ, ಆ ಕಂಪನಿಯ ಎದುರಾಳಿಯ ಕಾರ್ಖಾನೆಯಲ್ಲಿ, ಕವಾಸಾಕಿಯಲ್ಲಿ, ಜೀವಮಾನವೆಲ್ಲ ದುಡಿದು ನಿವೃತ್ತರಾದವರು. ಬೇರೆ ಕಂಪನಿಯ ಬಲ್ಬು ಉರಿಯುವ ಮನೆಯಲ್ಲಿ ಟೀ ಕುಡಿಯಲೂ ಹಿಂದೆಮುಂದೆ ನೋಡುತ್ತಾರೆ! ಇವರಿಬ್ಬರ ನಟ್ಟನಡುವೆ, ನಗೊಯಾದಲ್ಲಿ, ನಾನು ಮತ್ತು ಚಿಹಾರು ಸಮ್ಮಿಶ್ರ ಸರ್ಕಾರ ನಡೆಸುತ್ತಿದ್ದೆವು. ಫ್ರಿಜ್ಜು, ಟಿವಿ ಅಮ್ಮನ ಪಕ್ಷ. ವಾಷಿಂಗ್ ಮೆಷಿನ್ನು, ಕುಕ್ಕರು ಮಾವನವರ ಪಕ್ಷ.

ಮದುವೆಯ ಊಟದಲ್ಲಿ ಯಾರ ಕಂಪನಿಯ ಟಿವಿಯಲ್ಲಿ ಚಿತ್ರ ಸ್ಪಷ್ಟ ಎಂಬ ಮಾತಿಗೆ ಮುಖ ತಿರುಗಿಸಿದ ಬೀಗರಿಬ್ಬರೂ ಆಮೇಲೆ ಒಂದು ಕೋಣೆಯಲ್ಲಿ ಕೂತಿರಲೇ ಇಲ್ಲ. ಈಗ ಚಿಹಾರು ಬಸುರಿ. ಅವಳಿಗೆ ತಾಯಿಯಿಲ್ಲ, ಬಾಣಂತನಕ್ಕೆ ಬರಬೇಕಾದವಳು ನಮ್ಮಮ್ಮನೇ. ಮೊಮ್ಮಗುವನ್ನು ನೋಡಲು ಮಾವನವರು ಬಾರದೆ ಇರುತ್ತಾರೆಯೇ?

"ಮಗು ಬರೋಷ್ಟರಲ್ಲಿ ಇವರಿಬ್ಬರೂ ಮಾತಾಡ್ಬೇಕು ಕಣ್ರೀ. ನನಗಿನ್ನೇನೂ ಬೇಡ," ಎಂದಳು ಚಿಹಾರು. ಕಣ್ಣು ತುಂಬಿತ್ತು.

ಇಂಥ ಹೊತ್ತಿಗೇ ಸಿನಿಮಾ ಡಿಸ್ಕಿನ ಮಹಾಯುದ್ಧ ಶುರುವಾಗಿತ್ತು! ಚಿತ್ರ ಕನ್ನಡಿಯಷ್ಟು ಸ್ಪಷ್ಟವಾಗಿ ಕಾಣುವ ಹೊಸ ಡಿಸ್ಕುಗಳು ಎರಡು ಬಗೆ. ನೀಲಿ ಡಬ್ಬಿಯದು ಬ್ಲೂ-ರೇ, ಕೆಂಪು ಡಬ್ಬಿಯದು ಎಚ್‌ಡಿ ಡಿವಿಡಿ. ನೀಲಿಯದನ್ನು ಕೆಂಪು ಯಂತ್ರ ಮುಟ್ಟುವುದಿಲ್ಲ, ಕೆಂಪಿನದನ್ನು ನೀಲಿ ಯಂತ್ರ ಉಗುಳುತ್ತದೆ. ಒಂದು ಉಳಿದರೆ ಇನ್ನೊಂದು ಗುಜರಿಗೆ. ಅಮ್ಮನ ಕಂಪನಿ ನೀಲಿ ಬಣದಲ್ಲಿತ್ತು. ಮಾವನವರ ಕಂಪನಿ? ಕೇಳಬೇಕೆ, ಕೆಂಪಿನ ಸೇನಾಪತಿ!

ನಾನು ಸೋಲೊಪ್ಪುವವನಲ್ಲ. ನಗೊಯಾ ಸ್ಟೇಷನ್ ಬಳಿಯ ದೊಡ್ಡ ಅಂಗಡಿಗೆ ನುಗ್ಗಿದೆ. ಒಂದು ಕಡೆ ನೀಲಿ ಅಂಗಿಯವರು ಗಂಟಲು ಹರಿದುಕೊಳ್ಳುತ್ತಿದ್ದರು, ಇನ್ನೊಂದು ಕಡೆ ಕೆಂಪು ಅಂಗಿಯವರು. ಎರಡೂ ಬಣಕ್ಕೆ ಸೇರದವನಂತೆ ಕಂಡ ಅಂಗಡಿಯವನೊಬ್ಬನನ್ನು ಮೂಲೆಗೆ ಕರೆದು ಪಿಸುಗುಟ್ಟಿದೆ.

"ನಿಜ ಹೇಳಿ, ಯಾರು ಗೆಲ್ತಾರೆ?"

ಅವನು ಸೊಂಟ ಮುರಿಯುವಷ್ಟು ಬಗ್ಗಿ ವಂದಿಸಿದ. "ಗ್ರಾಹಕರೇ ಗೆಲ್ಲಬೇಕು ಸ್ವಾಮಿ!"

ಗೆದ್ದೇ ತೀರುತ್ತೇನೆ ಎಂದು ಎರಡನ್ನೂ ಕೊಂಡುಬಿಟ್ಟೆ.

"ನೋಡು ಚಿಹಾರು, ರಾಜತಂತ್ರ ಅಂದ್ರೆ ಇದು! ನಿಮ್ಮಪ್ಪ ಬಂದಾಗ ಟಿವಿ ಕೆಳಗೆ ಕೆಂಪು. ನಮ್ಮಮ್ಮ ಬಂದಾಗ ನೀಲಿ. ಒಂದು ಕೊಂಡವನು ಸೋಲಬಹುದು. ಎರಡೂ ಕೊಂಡವನು?"

"ಎರಡು ಸಲ ಸೋಲ್ತಾನೆ. ಅದರ ಬದ್ಲು ಎರಡನ್ನೂ ಎದುರಿಗೇ ಇಡಿ. ಇಬ್ರೂ ಅರ್ಥ ಮಾಡ್ಕೋತಾರೆ."

"ನಿನಗೆ ಇದೆಲ್ಲ ಗೊತ್ತಾಗಲ್ಲ ಸುಮ್ನಿರು."

ಹೊಸವರ್ಷದ ಬೆಳಗ್ಗೆ ಮಾವನವರಿಗಾಗಿ ಕೆಂಪು ಯಂತ್ರವನ್ನು ಟಿವಿಯ ಕೆಳಗಿಟ್ಟು ಒರೆಸುತ್ತಿದ್ದೆ. ಅಮ್ಮ ಬರುವುದು ಮೂರನೇ ತಾರೀಖು. ಆಗ ಚಿಹಾರು ಸೂಪಿನ ಪಾತ್ರೆಗೆ ಅಕ್ಕಿ ಮುದ್ದೆ ಬಿಡುತ್ತ, ಹವಾಮಾನದ ಸುದ್ದಿ ಹೇಳುವಂತೆ ಹೇಳಿದಳು:

"ಅತ್ತೇನೂ ಇವತ್ತೇ ಬರ್ತಿದಾರೆ. ನಾನೇ ಕರೆದೆ."

ನನ್ನ ಕೈಯಲ್ಲಿದ್ದ ಬಟ್ಟೆ ಬಿದ್ದುಹೋಯಿತು. ಒಂದು ಬುಲೆಟ್ ರೈಲು ಪೂರ್ವದಿಂದ, ಒಂದು ಪಶ್ಚಿಮದಿಂದ, ನನ್ನ ತಲೆಯ ಮೇಲೆ ಡಿಕ್ಕಿ ಹೊಡೆಯಲು ಬರುತ್ತಿದ್ದವು! ಕೆಂಪು ಕಂಡರೆ ಅಮ್ಮ ಉರಿಯುತ್ತಾಳೆ, ನೀಲಿ ಕಂಡರೆ ಮಾವನವರು ಊಟ ಬಿಟ್ಟೇಳುತ್ತಾರೆ. ಉಳಿದ ದಾರಿ ಒಂದೇ. ಎರಡನ್ನೂ ಮಾಯ ಮಾಡುವುದು! ಕೆಂಪನ್ನು ಹಾಸಿಗೆ ಬೀರುವಿನೊಳಗೆ ತುರುಕಿದೆ. ಬೀರು ತುಂಬಿತು. ಅಷ್ಟರಲ್ಲಿ ಬಾಗಿಲ ಗಂಟೆ. ನೀಲಿಯನ್ನು ಎತ್ತಿಕೊಂಡು ಕೋಣೆಯೆಲ್ಲ ಗಿರಗಿರನೆ ಸುತ್ತಿ, ಕೊನೆಗೆ ಕೊತತ್ಸು ಮೇಜಿನ ರಜಾಯಿ ಎತ್ತಿ ಒಳಗೆ ನೂಕಿದೆ. ಚಳಿಗಾಲದಲ್ಲಿ ಮನೆಮಂದಿಯೆಲ್ಲ ಕಾಲು ಬೆಚ್ಚಗೆ ಮಾಡಿಕೊಳ್ಳುವ, ಅಡಿಯಲ್ಲಿ ಹೀಟರ್ ಇರುವ ಆ ಮೇಜಿಗಿಂತ ಕೆಟ್ಟ ಜಾಗ ಇಡೀ ಜಪಾನಿನಲ್ಲಿ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಬೀಗರಿಬ್ಬರೂ ಒಬ್ಬರ ಹಿಂದೊಬ್ಬರು ಬಂದರು, ಹಣೆ ನೆಲಕ್ಕೆ ತಾಗುವಂತೆ ಬಗ್ಗಿ ಹೊಸವರ್ಷದ ಶುಭಾಶಯ ಹೇಳಿದರು, ಕೊತತ್ಸುವಿಗೆ ಎದುರುಬದುರು ಕಾಲು ಇಳಿಬಿಟ್ಟು ಕೂತರು. ಸೂಪು ಹೀರುವ ಸದ್ದು ಬಿಟ್ಟರೆ ಮಾತಿಲ್ಲ. ಚಿಹಾರು ಅವರ ಮುಖ, ಇವರ ಮುಖ ನೋಡುತ್ತ ಹೊಟ್ಟೆ ಸವರಿಕೊಳ್ಳುತ್ತಿದ್ದಳು. ಇದ್ದಕ್ಕಿದ್ದಂತೆ ಮಾವನವರು ಹುಬ್ಬೇರಿಸಿದರು.

"ಏನೋ ಕಾಲಿಗೆ ತಾಗ್ತಿದೆಯಲ್ಲ ಅಳಿಯಂದ್ರೇ?"

"ಬೆಕ್ಕು!" ಎಂದೆ. ಬಾಯಿಗೆ ಬಂದದ್ದೇ ಅದು. ಕೊತತ್ಸುವಿನೊಳಗೆ ಬೆಕ್ಕು ಮಲಗದ ಮನೆ ಯಾವುದಿದೆ ಹೇಳಿ!

"ಬೆಕ್ಕಾ?" ಅಮ್ಮ ಕಣ್ಣರಳಿಸಿದಳು. "ಲೋ ತೊಮೊ, ಬೆಕ್ಕು ಹತ್ರ ಬಂದ್ರೆ ಮೂರು ದಿನ ಸೀನ್ತಿದ್ಯಲ್ಲೋ ನೀನು!"

ಆಕ್ಷೀ! ಎಂದು ಕೂಡಲೇ ಒಂದು ಸೀನು ಸೀನಿದೆ. ಅಮ್ಮ ರಜಾಯಿಯೊಳಗೆ ಕೈಹಾಕಿ ತಡವಿದಳು. ಅವಳ ಕೈ ಒಂದು ಮೂಲೆ ಮುಟ್ಟಿತು, ಇನ್ನೊಂದು ಮೂಲೆ ಮುಟ್ಟಿತು. ಅಂಗಡಿಯಲ್ಲಿ ದಿನವೂ ಧೂಳು ಒರೆಸುವ ಯಂತ್ರದ ಗುರುತು ಅವಳಿಗೆ ಸಿಗದೆ ಇರುತ್ತದೆಯೇ? ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅಮ್ಮ ಮಾವನವರ ಕಡೆ ಓರೆಗಣ್ಣಿಂದ ನೋಡಿ ಕೈ ಹಿಂದೆ ತೆಗೆದಳು.

"ಹೌದು, ಬೆಕ್ಕೇ. ಚೆನ್ನಾಗಿ ನಿದ್ದೆ ಮಾಡ್ತಿದೆ," ಎಂದು ಕಾಲಿನಿಂದ ಅದನ್ನು ಮೆಲ್ಲಗೆ ತನ್ನ ಕಡೆಗೆ, ನೇರ ಹೀಟರಿನ ಕೆಳಕ್ಕೆ, ಎಳೆದುಕೊಂಡಳು. "ಬೀಗರಿಗೆ ಚಳಿ ಆಗ್ತಿರಬೇಕು, ಶಾಖ ಜಾಸ್ತಿ ಮಾಡೋ."

ಮಾಡಿದೆ. ನನ್ನ ಕೈಯಾರೆ ಮಾಡಿದೆ!

ಅಷ್ಟರಲ್ಲಿ ಮಾವನವರು ಮಗಳ ಬೆನ್ನಿಗೆ ದಿಂಬು ತರುತ್ತೇನೆಂದು ಎದ್ದು ಸೀದಾ ಹಾಸಿಗೆ ಬೀರು ತೆರೆದರು. ಕೆಂಪು ಯಂತ್ರ ಅಲ್ಲೇ! ಅವರು ಒಳಗೆ ಏನನ್ನೋ ನೋಡಿದರು, ಅಮ್ಮನತ್ತ ತಿರುಗಿ ನೋಡಿದರು, ಹಾಸಿಗೆಯೊಂದನ್ನು ಎಳೆದು ಮುಚ್ಚಿದರು. ದಿಂಬು ಹಿಡಿದು ಬಂದು ಏನೂ ಆಗದವರಂತೆ ಕೂತರು. ಇದೇನು ಪವಾಡ ಎಂದು ನಾನು ಉಸಿರು ಬಿಡುವುದರೊಳಗೆ ಸುಟ್ಟ ವಾಸನೆ ಕೋಣೆಯೆಲ್ಲ ಹಬ್ಬಿತು. ರಜಾಯಿಯಂಚಿನಿಂದ ಸಣ್ಣಗೆ ಹೊಗೆ.

"ಅಯ್ಯಯ್ಯೋ, ಬೆಕ್ಕು ಸುಡ್ತಿದೆ!" ಎಂದು ಮಾವನವರು ಚೀರಿ, ಪ್ಲಗ್ಗು ಕಿತ್ತು, ರಜಾಯಿ ಎಸೆದು, ಬರಿಗೈಯಲ್ಲಿ ಯಂತ್ರವನ್ನು ಹೊರಗೆಳೆದರು. ಅದರ ಮುಂಭಾಗ ಬಾಡಿದ ಸೊಪ್ಪಿನಂತೆ ಜೋತುಬಿದ್ದಿತ್ತು. ಮೇಲೆ ಅಮ್ಮನ ಕಂಪನಿಯ ಹೆಸರು. ಗಂಡಾಂತರದ ಗಳಿಗೆ! ಮಾವನವರು ಮಾತ್ರ ಬಿಸಿ ಯಂತ್ರವನ್ನು ತೊಡೆಯ ಮೇಲಿಟ್ಟು ಮೆಲ್ಲಗೆ ಸವರಿದರು.

"ಪಾಪ. ಇದನ್ನೂ ಯಾರೋ ಕೂತು ಜೋಡಿಸಿರ್ತಾರೆ."

ಅಮ್ಮ ತಲೆ ಬಗ್ಗಿಸಿದಳು. "ನಿಮ್ಮ ಮನಸ್ಸಿಗೆ ನೋವಾಗ್ಬಾರ್ದು ಅಂತ ನಾನೂ ಬೆಕ್ಕು ಅಂದುಬಿಟ್ಟೆ ಬೀಗರೇ. ತಪ್ಪು ತಿಳೀಬೇಡಿ."

"ನಾನೂ ಅಷ್ಟೇ ಕಣ್ರೀ! ಬೀರುವಲ್ಲಿ ನಮ್ಮದೊಂದಿದೆ. ನೀವು ನೋಡಿದ್ರೆ ಬೇಜಾರು ಮಾಡ್ಕೋತೀರಿ ಅಂತ ಹೊದಿಸಿ ಬಂದೆ."

ಒಂದು ಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ನಕ್ಕರು ನೋಡಿ! ಕಣ್ಣೀರು ಬರುವಷ್ಟು ನಕ್ಕರು. ಚಿಹಾರು ದಿಂಬು ತಬ್ಬಿಕೊಂಡು ಅಳುತ್ತ ನಗುತ್ತಿದ್ದಳು. ನಾನೂ ಸೇರಿಕೊಳ್ಳೋಣವೆಂದು "ಹ್ಹೆಹ್ಹೆ" ಎಂದದ್ದೇ ತಪ್ಪಾಯಿತು. ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗಿದರು. ನಮ್ಮ ಮದುವೆಯಾದಾಗಿನಿಂದ ಎಂದೂ ಒಮ್ಮತಕ್ಕೆ ಬಾರದವರು ನನ್ನನ್ನು ಬೈಯುವುದರಲ್ಲಿ ಸಂಜೆಯವರೆಗೂ ಒಂದೇ ಪಕ್ಷವಾದರು. ಮಾವನವರಿಗೆ ಪದ ಸಾಲದಾದಾಗ ಅಮ್ಮ ಎತ್ತಿಕೊಟ್ಟಳು!

ಫೆಬ್ರವರಿಯಲ್ಲಿ ಕೆಂಪು ಬಣ ಯುದ್ಧ ನಿಲ್ಲಿಸಿ ಶಸ್ತ್ರ ಕೆಳಗಿಟ್ಟಿತು. ಅಂದರೆ ನಮ್ಮ ಮನೆಯಲ್ಲಿ ಗೆದ್ದ ಯಂತ್ರ ಸುಟ್ಟಿತ್ತು, ಸುಡದೆ ಉಳಿದದ್ದು ಸೋತಿತ್ತು. ಮಾವನವರಿಗೆ ಹೇಗೆ ಸಮಾಧಾನ ಹೇಳುವುದೆಂದು ಯೋಚಿಸುತ್ತ ಫೋನ್ ಮಾಡಿದರೆ ಅವರ ಲೈನು ಬ್ಯುಸಿ. ನನಗಿಂತ ಮೊದಲೇ ಅಮ್ಮ ಫೋನ್ ಮಾಡಿ ಕೂತಿದ್ದಳು.

ಮಾರ್ಚಿನಲ್ಲಿ ಮಗಳು ಹುಟ್ಟಿದಳು. ಏಳನೆಯ ದಿನ ಹೆಸರಿಡುವ ಶಾಸ್ತ್ರ. ಅಮ್ಮ ಮಸಿ ತೇಯ್ದು ಕೊಟ್ಟಳು, ಮಾವನವರು ಕುಂಚ ಅದ್ದಿಕೊಂಡು ಬಿಳಿ ಕಾಗದದ ಮುಂದೆ ಮಂಡಿಯೂರಿದರು. ಚಿಹಾರುವಿನ ಮಡಿಲಲ್ಲಿ ಮಗು ಆಕಳಿಸಿತು. ಆ ನಾಲ್ವರನ್ನು ನೋಡಿ ನನ್ನ ಮನಸ್ಸು ತುಂಬಿತು.

"ಹೆಸರೇನು ಬರೀಲಿ ಅಳಿಯಂದ್ರೇ?"

ನಾನು ಗಂಟಲು ಸರಿಮಾಡಿಕೊಂಡೆ.

"ಅವನನ್ನ ಯಾಕೆ ಕೇಳ್ತೀರಿ ಬೀಗರೇ!" ಎಂದಳು ಅಮ್ಮ. "ನಿಮಗೊಂದು, ನನಗೊಂದು ಅಂತ ಎರಡು ಹೆಸರು ತಂದು, ಒಂದನ್ನ ಬೀರುವಲ್ಲಿ ಬಚ್ಚಿಡ್ತಾನೆ. ಚಿಹಾರು, ನೀನು ಹೇಳಮ್ಮ."

"ಸರಿಯಾಗಿ ಹೇಳಿದ್ರಿ ನೋಡಿ!" ಎಂದು ಮಾವನವರು ಮಗಳ ಕಡೆ ತಿರುಗಿದರು.

ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡೆ. ನಿಜಕ್ಕೂ ಎರಡು ಹೆಸರನ್ನೇ ತಂದಿದ್ದೆ!